ಬೇಲಿ ಗುಂಡಿಯ ಚರಿತ್ರೆ ಮತ್ತು ಅಜ್ಜನ ಪಾರೆಂಗಿ

1/7
ಫೋಟೋದಲ್ಲಿ ಎಡಗಡೆ ಇರುವುದು ಬಾಡಿಗೆಗೆ ತಂದ ಪೆಟ್ರೋಲ್ ಆಗರ್. ಬಲಗಡೆ ಗೋಡೆಗೆ ಒರಗಿಸಿದ್ದು ನನ್ನ ಅಜ್ಜನ ಪಾರೆಂಗಿ. ನಮ್ಮ ಮನೆ ಬಂಟ್ವಾಳ–ಮೂಡುಬಿದಿರೆ ರಸ್ತೆ ಬದಿಯ ಪದವಿನಲ್ಲಿ. ಹಿತ್ತಿಲಿಗೆ ಬೇಲಿ ಹಾಕಲು ಎರಡು ಅಡಿ ಆಳದ 26 ಗುಂಡಿ ಬೇಕಿತ್ತು. ಆಗರ್ ಒಂದು ಗೇಣು ಇಳಿಯಿತು, ಕಲ್ಲಿಗೆ ತಾಗಿತು, ನನ್ನನ್ನೇ ಅರ್ಧ ಸುತ್ತು ತಿರುಗಿಸಿ ನಿಂತಿತು. ಬಾಡಿಗೆ ಮೊದಲೇ ಕೊಟ್ಟಾಗಿತ್ತು. ಕಾಸ್ಟಿಂಗ್ ಕ್ಲಾಸಲ್ಲಿ ಸಂಕ್ ಕಾಸ್ಟ್ ಅಂತ ಹೇಳ್ತಾರಲ್ಲ, ಅದು ಇದೇ ಮಾರಾಯ್ರೆ.

2/7
ಮೊದಲು ಕಲ್ಲಿನ ಕಥೆ. ಟಿಪ್ಪು ಸತ್ತ ಮರುವರ್ಷ, ಅಂದ್ರೆ 1800ರಲ್ಲಿ, ಕಂಪೆನಿಯವರು ಫ್ರಾನ್ಸಿಸ್ ಬುಕಾನನ್ ಎಂಬ ಡಾಕ್ಟರನ್ನು ಹೊಸದಾಗಿ ಸಿಕ್ಕಿದ ಸೀಮೆ ನೋಡಿ ಬರಲು ಕಳಿಸಿದರು. ಮಲಬಾರಿನ ಅಂಗಾಡಿಪುರದಲ್ಲಿ ಅವನು ಒಂದು ವಿಚಿತ್ರ ಕಲ್ಲು ನೋಡಿದ. ನೆಲದೊಳಗೆ ಇರುವಾಗ ಕಬ್ಬಿಣದ ಸಾಧನದಲ್ಲಿ ಸುಲಭವಾಗಿ ಕಡಿಯಬಹುದು, ಹೊರಗೆ ತೆಗೆದು ಗಾಳಿಗಿಟ್ಟರೆ ಇಟ್ಟಿಗೆಯ ಹಾಗೆ ಗಟ್ಟಿ. 1807ರಲ್ಲಿ ಬಂದ ಪುಸ್ತಕದಲ್ಲಿ ಅದಕ್ಕೆ ಲ್ಯಾಟರೈಟ್ ಅಂತ ಹೆಸರಿಟ್ಟ. ಲ್ಯಾಟಿನ್‌ನಲ್ಲಿ ‘ಲೇಟರ್’ ಅಂದ್ರೆ ಇಟ್ಟಿಗೆ. ಊರಿನವರೂ ಅದನ್ನು ಇಟ್ಟಿಗೆ ಕಲ್ಲು ಅಂತಲೇ ಕರೆಯುತ್ತಿದ್ದರು ಅಂತ ಅವನೇ ಬರೆದಿದ್ದಾನೆ, ಹಾಗಾಗಿ ಹೆಸರಿಟ್ಟದ್ದು ನಿಜಕ್ಕೂ ಯಾರು ಅಂತ ನೀವೇ ಹೇಳಿ.

1801ರಲ್ಲಿ ಅದೇ ಬುಕಾನನ್ ನಮ್ಮ ಕಡೆಗೂ ಬಂದ. ಜಮಾಲಾಬಾದ್ (ನಮ್ಮ ಗಡಾಯಿಕಲ್ಲು), ವೇಣೂರು, ಮೂಡುಬಿದಿರೆ ದಾಟಿ ಕಾರ್ಕಳಕ್ಕೆ ಹೋದ. ನಮ್ಮ ಮುರಕಲ್ಲು ಅವನ ಲ್ಯಾಟರೈಟೇ. ಲಕ್ಷಾಂತರ ವರ್ಷ ಮಳೆ ಬೇರೆಲ್ಲ ತೊಳೆದು ಕಬ್ಬಿಣ, ಅಲ್ಯುಮಿನಿಯಂ ಮಾತ್ರ ಬಿಟ್ಟುಹೋದ ನೆಲ ಇದು. ಮೇಲೆ ಗಟ್ಟಿ ಚಿಪ್ಪು, ಕೆಳಗೆ ಮೆತ್ತಗೆ, ಇನ್ನೂ ಕೆಳಗೆ ಶೇಡಿ ಮಣ್ಣು. ಆಗರ್‌ಗೆ ಸೋಲುವುದು ಮೇಲಿನ ಚಿಪ್ಪಿನಲ್ಲೇ. ಬಂಟ್ವಾಳದ ನೇತ್ರಾವತಿ ಬದಿಯ ಮೆಕ್ಕಲು ಮಣ್ಣಲ್ಲಾದ್ರೆ ಅದೇ ಆಗರ್ ಬೆಣ್ಣೆಗೆ ಚಮಚ ಹಾಕಿದ ಹಾಗೆ ಹೋಗ್ತದೆ, ಅಲ್ಲಿ ಗುಂಡಿಯ ಬದಿ ಕುಸಿಯುವುದೇ ಚಿಂತೆ. ಬೆಳ್ತಂಗಡಿಯ ಗುಡ್ಡೆ ಬದಿಯಲ್ಲಿ ಕರಿಕಲ್ಲಿನ ಬಂಡೆ ಸಿಕ್ಕಿದರೆ ಯಾವ ಸಾಧನವೂ ಬೇಡ, ಗುಂಡಿಯ ಜಾಗವನ್ನೇ ಬದಲಿಸಿ.

3/7
ಘಟ್ಟದ ಮೇಲಿನ ಫಾಲೋವರ್ಸ್‌ಗೆ ಒಂದು ಸೂಚನೆ. ನಿಮಗೆ ಹಾರೆ ಅಂದ್ರೆ ಉದ್ದದ ಕಬ್ಬಿಣದ ಸರಳು. ನಮಗೆ ಹಾರೆ ಅಂದ್ರೆ ಮಣ್ಣು ಎಳೆಯುವ ಅಗಲ ಬಾಯಿಯದ್ದು, ತುಳುವಿನ ಕೊಟ್ಟು. ನಿಮ್ಮ ಹಾರೆ ನಮ್ಮ ಪಾರೆಂಗಿ. ಹಾಸ್ಟೆಲಲ್ಲಿ ಈ ವಿಷಯಕ್ಕೆ ಜಗಳವೇ ಆಗಿದೆ.

ಅಗಲ ಬಾಯಿಯ ಹಾರೆಯಲ್ಲಿ ಎರಡು ಅಡಿ ಆಳ ಹೋಗಬೇಕಾದ್ರೆ ಕೈ ಬೀಸಲು ಜಾಗ ಬೇಕು, ಗುಂಡಿ ಬಾನಿಯಷ್ಟು ಅಗಲ ಆಗ್ತದೆ. ಆಮೇಲೆ ಎಷ್ಟು ಮಣ್ಣು ತುಂಬಿಸಿ ಗುದ್ದಿದರೂ ಕಂಬ ಅಲ್ಲಾಡ್ತದೆ. ಪಿಕ್ಕಾಸಿಗೂ ಅದೇ ರೋಗ. ಪಾರೆಂಗಿ ನೇರ ಮೇಲಿಂದ ಕೆಳಗೆ ಬೀಳ್ತದೆ, ಅದರ ತೂಕವೇ ಕೆಲಸ ಮಾಡ್ತದೆ, ಗುಂಡಿ ಕಂಬದಷ್ಟೇ ಅಗಲ. ಪುಡಿಯಾದ ಮಣ್ಣು ತೆಗೆಯಲು ತೆಂಗಿನ ಗೆರಟೆ. ಮಂಡಿಯೂರಿ ಕೈ ಭುಜದ ತನಕ ಒಳಗೆ ಹಾಕಿ ಗೋರುವುದು. ನೋಡಲು ಚಂದ ಇಲ್ಲ, ಆದ್ರೆ ಇದಕ್ಕಿಂತ ಒಳ್ಳೆಯ ಸಾಧನ ನನಗಿನ್ನೂ ಸಿಕ್ಕಿಲ್ಲ.

4/7
ಅಷ್ಟು ಕಷ್ಟದ ಗುಂಡಿಯನ್ನು ಹಿಂದಿನವರು ಬೇಲಿಗೆ ತೆಗೆಯುತ್ತಿದ್ದರಾ? ಅಜ್ಜಿಯನ್ನು ಕೇಳಿದೆ. ನಕ್ಕರು. ಆಗ ಬೇಲಿ ಅಂದ್ರೆ ಅಗಳು: ಕಾಲುವೆ ತೋಡಿ, ಅದೇ ಮಣ್ಣನ್ನು ಒಳಬದಿಗೆ ಏರಿ ಹಾಕುವುದು. ಇಲ್ಲದಿದ್ದರೆ ಹಾಲುವಾಣದ, ಗೊಬ್ಬರದ ಗಿಡದ ಗೂಟ. ಮಳೆಗಾಲ ಶುರುವಾಗುವಾಗ ಒಂದು ಗೇಣು ತೂತು ಮಾಡಿ ನೆಟ್ಟರೆ ಚಿಗುರ್ತದೆ, ತನ್ನ ಬೇರಿಗೆ ಬೇಕಾದ ಆಳವನ್ನು ತಾನೇ ತೋಡಿಕೊಳ್ತದೆ.

ಸಾವಿರ ಕಂಬದ ಬಸದಿಯ (1430) ಕಂಬಗಳಿಗೂ ಇಂಥ ಗುಂಡಿ ಬೇಡ, ಮೇಲಿನ ಭಾರವೇ ಅವನ್ನು ಹಿಡಿಯುತ್ತದೆ. ಬೇಲಿ ಕಂಬಕ್ಕೆ ಮೇಲೆ ಭಾರ ಇಲ್ಲ, ಬದಿಯಿಂದ ಎಳೆತ. ಆ ಎಳೆತ ತಂದದ್ದು ತಂತಿ.

5/7
ಮುಳ್ಳುತಂತಿಗೆ ಅಮೆರಿಕದ ಇಲಿನಾಯ್‌ನ ರೈತ ಜೋಸೆಫ್ ಗ್ಲಿಡನ್‌ಗೆ ಪೇಟೆಂಟ್ ಸಿಕ್ಕಿದ್ದು 1874ರಲ್ಲಿ. ತಂತಿ ಬಿಗಿಯಬೇಕು, ಬಿಗಿದರೆ ಮೂಲೆ ಕಂಬ ಒಳಗೆ ವಾಲ್ತದೆ, ವಾಲದಿರಲು ಆಳ ಬೇಕು. ಕಂಬದ ಮೂರನೇ ಒಂದು ಪಾಲು ನೆಲದಲ್ಲಿರಬೇಕು ಅನ್ನುವ ಲೆಕ್ಕ ಇಲ್ಲಿಂದಲೇ ನಮ್ಮ ತಲೆನೋವಾದದ್ದು.

6/7
ಸರಿಯಾಗಿ ನೂರು ವರ್ಷದ ಮೇಲೆ, 1974ರಲ್ಲಿ, ದೇವರಾಜ ಅರಸರ ಸರಕಾರದ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂತು. ಗೇಣಿಯವರು ಫಾರಂ ನಂಬರ್ 7 ತುಂಬಿಸಿ ಭೂ ನ್ಯಾಯಮಂಡಳಿಗೆ ಕೊಟ್ಟರು. ನಮ್ಮಲ್ಲಿ ಈಗಲೂ ಅದಕ್ಕೆ ‘ಡಿಕ್ಲರೇಶನ್’ ಅಂತಲೇ ಹೇಳುವುದು. ಅದೇ ವರ್ಷ ನೇತ್ರಾವತಿ ಬಂಟ್ವಾಳ ಪೇಟೆಗೆ ನುಗ್ಗಿದ್ದು, ಹಾಗಾಗಿ ಅಜ್ಜಿಯ ನೆನಪಲ್ಲಿ ಎರಡೂ ಒಟ್ಟಿಗೇ ಇವೆ: “ಬೊಳ್ಳ ಬಂದ ವರ್ಷ ಡಿಕ್ಲರೇಶನ್.”

ಅಜ್ಜ ಚಾಲಗೇಣಿ. ಧಣಿಗಳು ಬಿಡು ಅಂದ್ರೆ ಬಿಡಬೇಕು. “ನಾಳೆ ಎಬ್ಬಿಸಿದ್ರೆ ಕಂಬ ಹೊತ್ಕೊಂಡು ಹೋಗ್ಲಿಕ್ಕುಂಟಾ?” ಅಂತಾರೆ ಅಜ್ಜಿ. ಜಾಗ ಸ್ವಂತ ಆದ ಮೇಲೆ ಅಜ್ಜ ಮಾಡಿದ ಮೊದಲ ಕೆಲಸ ಸುತ್ತಲೂ ಅಗಳು ತೆಗೆದದ್ದು, ಇದೇ ಪಾರೆಂಗಿಯಲ್ಲಿ. ತುದಿ ಮೊಂಡಾದಾಗೆಲ್ಲ ಆಚಾರಿಯಲ್ಲಿಗೆ ಕೊಂಡುಹೋಗಿ ಕಾಯಿಸಿ ಬಡಿಸಿ ಬಡಿಸಿ ಈಗ ಅದು ನನ್ನ ಎದೆಯ ಎತ್ತರ ಮಾತ್ರ. ಮೊದಲು ಅಜ್ಜನ ತಲೆಗೆ ಬರ್ತಿತ್ತಂತೆ.

7/7
ಈಗ ನಿಜವಾದ ತಾಪತ್ರಯ. ಸರ್ವೆ ಗೆರೆ ಅಗಳಿನಿಂದ ಒಂದು ಅಡಿ ಆಚೆ ಹೋಗ್ತದೆ. ಅಪ್ಪ ಸರ್ವೆ ಗೆರೆಯಲ್ಲೇ ಕಂಬ ಹಾಕಬೇಕು ಅಂತ ಹೊರಟರು. ಅಜ್ಜಿ ಆಗ ಬಾಯಿ ಬಿಟ್ಟದ್ದು: ಆ ಒಂದು ಅಡಿ ಅಜ್ಜ ಬೇಕಂತಲೇ ಬಿಟ್ಟದ್ದು. ಆಚೆಮನೆಯವರಿಗೆ ಡಿಕ್ಲರೇಶನ್ ಆಗಿರಲಿಲ್ಲ, ಅವರ ಕಾಲುದಾರಿ ಅಲ್ಲೇ ಇತ್ತು. ಅಪ್ಪ ಎರಡು ದಿನ ಯಾರ ಹತ್ರವೂ ಮಾತಾಡಲಿಲ್ಲ. ಮೂರನೇ ದಿನ ಸಂಜೆ ಅವರೇ ಅಗಳಿನ ಒಳಬದಿಯಲ್ಲಿ ಗುರುತು ಹಾಕಿ, ಗುರುತಿಗೊಂದು ಕೊಡಪಾನ ನೀರು ಹೊಯ್ದರು. ಬೆಳಿಗ್ಗೆಗೆ ಮುರಕಲ್ಲು ಮೆತ್ತಗಾಗಿತ್ತು. ಮೂಲೆಯ ಗುಂಡಿ ಎರಡೂವರೆ ಅಡಿ ಹೋಯಿತು, ತಳದಲ್ಲಿ ಶೇಡಿ ಮಣ್ಣು ಕಂಡಿತು.

22 ಆಯ್ತು, ನಾಲ್ಕು ಬಾಕಿ. ಭಾನುವಾರ ಬರ್ತೇವೆ ಅಂತ ಕಮೆಂಟ್ ಹಾಕಿದವರು ಗೆರಟೆ ತನ್ನಿ, ನೀರುದೋಸೆ ಅಜ್ಜಿಯದ್ದು.