ಜಾಲಹಳ್ಳಿಯ ಕುರ್ಕ ಮತ್ತು ಹರಿದುಹೋದ ನೀರು

ಲಗ್ಗೆರೆಯಿಂದ ಉತ್ತರಕ್ಕೆ ಹೋದರೆ ಪೀಣ್ಯದ ಕಾರ್ಖಾನೆಗಳ ಸಾಲು, ಅದರಾಚೆಗೆ ಜಾಲಹಳ್ಳಿ. ಕನ್ನಡದ ಓದುಗರಿಗೆ ಜಾಲಹಳ್ಳಿಯ ಹೆಸರು ಬಸ್ಸಿನ ಫಲಕದಿಂದಷ್ಟೇ ಅಲ್ಲ, ಒಂದು ಚಿರತೆಯ ಕಥೆಯಿಂದಲೂ ಪರಿಚಿತ. ಕೆನೆತ್ ಆಂಡರ್ಸನ್ ಇಂಗ್ಲಿಷಿನಲ್ಲಿ ಬರೆದ ಆ ಕಥೆಯನ್ನು ಪೂರ್ಣಚಂದ್ರ ತೇಜಸ್ವಿಯವರು ತಮ್ಮ ‘ಕಾಡಿನ ಕಥೆಗಳು’ ಮಾಲೆಯಲ್ಲಿ ‘ಜಾಲಹಳ್ಳಿಯ ಕುರ್ಕ’ ಎಂದು ಕನ್ನಡಕ್ಕೆ ತಂದರು. ಕುರ್ಕ ಎಂದರೆ ಚಿರತೆ.

1910ರಲ್ಲಿ ಜನಿಸಿದ ಆಂಡರ್ಸನ್ ಬಾಳಿದ್ದು, 1974ರಲ್ಲಿ ಕಣ್ಮುಚ್ಚಿದ್ದು ಬೆಂಗಳೂರಿನಲ್ಲೇ. ಇಲ್ಲಿನ ವಿಮಾನ ಕಾರ್ಖಾನೆಯಲ್ಲಿ ಅವರಿಗೆ ಉದ್ಯೋಗ. ಬಿಡುವು ಸಿಕ್ಕಾಗಲೆಲ್ಲ ಕಾಡು. ಅವರ ಮೊದಲ ಪುಸ್ತಕ ಪ್ರಕಟವಾದದ್ದು 1954ರಲ್ಲಿ. ಅವರನ್ನು ಬೇಟೆಗಾರರೆಂದು ಕರೆದರೆ ತಪ್ಪಲ್ಲ, ಆದರೆ ಅಷ್ಟಕ್ಕೇ ನಿಲ್ಲಿಸಿದರೆ ತಪ್ಪಾಗುತ್ತದೆ. ಹಕ್ಕಿಯ ಎಚ್ಚರಿಕೆಯ ಕೂಗು, ಜಿಂಕೆಯ ಹೆದರಿಕೆ, ಮರಳಿನ ಮೇಲಿನ ಹೆಜ್ಜೆ, ಇವನ್ನು ತಾಳ್ಮೆಯಿಂದ ಗಮನಿಸಿದವರು ಅವರು.

ಈ ವಿದ್ಯೆಯ ಪಾಠಶಾಲೆಗಳಲ್ಲಿ ಒಂದು ಚಿನ್ನಾರ್ ಹೊಳೆ. ಅದರ ದಂಡೆಯಲ್ಲೇ ಆಂಡರ್ಸನ್ನರಿಗೆ ಬೈರನೆಂಬ ಪೂಜಾರಿ ಜನಾಂಗದವನು ಸಿಕ್ಕಿದ. ಕಾಡನ್ನು ಓದುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ ಎಂಬುದು ಆಂಡರ್ಸನ್ನರ ಬರಹಗಳಲ್ಲಿ ಎದ್ದು ಕಾಣುತ್ತದೆ. ಉಷ್ಣವಲಯದ ಇಂಥ ಹೊಳೆಗಳು ಮಳೆಗಾಲದಲ್ಲಿ ಉಕ್ಕಿ ಹರಿದು, ಬೇಸಿಗೆಯಲ್ಲಿ ಮರಳಹಾಸಾಗುತ್ತವೆ. ರಾತ್ರಿ ಓಡಾಡಿದ ಪ್ರಾಣಿಗಳ ವಿವರವೆಲ್ಲ ಬೆಳಗಾಗುವ ಹೊತ್ತಿಗೆ ಆ ಮರಳಿನಲ್ಲಿ ದಾಖಲಾಗಿರುತ್ತದೆ.

ಕಾಡು ಮುಗಿಸಿ ಆಂಡರ್ಸನ್ ಮನೆಗೆ ಮರಳುತ್ತಿದ್ದುದು ಬೆಂಗಳೂರಿಗೆ. ಸ್ವಾರಸ್ಯವಿರುವುದು ಇಲ್ಲಿಯೇ. ಅವರು ಊರಿನತ್ತ ಬರುತ್ತಿದ್ದಾಗ ಊರಿನ ನೀರು ಕಾಡಿನತ್ತ ಹೋಗುತ್ತಿತ್ತು. ಪೀಣ್ಯ, ರಾಜಾಜಿನಗರ, ವಿಜಯನಗರದ ಕಡೆಯ ನೀರು ವೃಷಭಾವತಿ ಕಣಿವೆಗೆ ಇಳಿದು ಕೆಂಗೇರಿ, ಬೈರಮಂಗಲದ ಮಾರ್ಗವಾಗಿ ಅರ್ಕಾವತಿಯನ್ನು ಸೇರುತ್ತದೆ. ಅರ್ಕಾವತಿ ಕನಕಪುರವನ್ನು ದಾಟಿ ಸಂಗಮದಲ್ಲಿ ಕಾವೇರಿಯಾಗುತ್ತದೆ. ಅದೇ ಕಾವೇರಿಗೆ ಮುಂದೆ ಹೊಗೇನಕಲ್ಲಿನಲ್ಲಿ ಚಿನ್ನಾರ್ ಬಂದು ಕೂಡುತ್ತದೆ. ಮನೆಯಂಗಳದ ಮಳೆನೀರಿಗೂ ಬೈರನ ಹೊಳೆಗೂ ಸಂಬಂಧವಿತ್ತೆಂದಾಯಿತು.

ಆ ಸಂಬಂಧ ಇಂದಿಗೂ ಇದೆ, ಆದರೆ ಸ್ವರೂಪ ಬದಲಾಗಿದೆ. ಈಗ ವೃಷಭಾವತಿ ಹೊತ್ತೊಯ್ಯುವುದು ನಗರದ ಚರಂಡಿ ನೀರನ್ನು, ಕಾರ್ಖಾನೆಗಳ ತ್ಯಾಜ್ಯವನ್ನು. ಸಂಗಮದಿಂದ ಕೆಳಗಿನ ಕಾವೇರಿ ನೀರುನಾಯಿ, ಮೊಸಳೆ, ಮಹಶೀರ್ ಮೀನುಗಳ ನೆಲೆ. ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟು ಬೇರೆಲ್ಲೂ ಇಲ್ಲದ ಡುಬ್ಬದ ಮಹಶೀರ್ 2018ರಲ್ಲಿ ಅಳಿವಿನ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿ ಸೇರಿತು. ಅಣೆಕಟ್ಟು, ಮರಳುಗಾರಿಕೆ, ಸಿಡಿಮದ್ದಿನ ಮೀನುಗಾರಿಕೆ, ಹೊರಗಿನಿಂದ ತಂದು ಬಿಟ್ಟ ಮೀನುಗಳು, ಹೀಗೆ ಕಾರಣಗಳು ಹಲವು. ಮಲಿನ ನೀರೂ ಆ ಸಾಲಿನಲ್ಲಿದೆ.

ಜಾಲಹಳ್ಳಿಯ ಕುರ್ಕನಾದರೂ ಕಥೆಯಲ್ಲಿಯೇ ಉಳಿಯಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಗೆ ತಡೆ ಹಾಕಿತು. 2022ರಲ್ಲಿ ಕೆಂಗೇರಿಯ ಸುತ್ತಮುತ್ತ ಚಿರತೆ ಕಾಣಿಸಿಕೊಂಡಾಗ ನಗರ ಬೆಚ್ಚಿತು. ಊರಿಗೆ ಕಾಡು ನುಗ್ಗಿತೆಂದು ಜನ ಭಾವಿಸುವುದು ಸಹಜ. ಆದರೆ ಊರು ಬೆಳೆದದ್ದೇ ಕುರ್ಕನ ದಾರಿಯ ಮೇಲೆ ಎಂಬುದಕ್ಕೆ ಆಂಡರ್ಸನ್ನರ ಕಥೆ ಸಾಕ್ಷಿ. ಕಾಡು ಎಲ್ಲೋ ದೂರದಲ್ಲಿದೆ ಎಂದುಕೊಂಡವರಿಗೆ ಚಿರತೆ ಆಗಾಗ ನೆನಪು ಮಾಡಿಕೊಡುತ್ತದೆ. ಮೀನಿಗೆ ಆ ಅವಕಾಶವೂ ಇಲ್ಲ.