ಹಾಸಿಗೆಯ ಲೆಕ್ಕ: ಆಸ್ಪತ್ರೆಗಳು ತಮ್ಮ ಖರ್ಚನ್ನು ಎಣಿಸಲು ಕಲಿತ ಬಗೆ

ಹರ್ನಿಯಾ ಶಸ್ತ್ರಚಿಕಿತ್ಸೆ ಒಂದೇ. ಅದೇ ಥಿಯೇಟರು, ಅದೇ ಸರ್ಜನ್, ಅದೇ ಮೆಶ್. ಆದರೆ ಬಿಲ್ಲಿಂಗ್ ಕೌಂಟರಿನಲ್ಲಿ ಅದಕ್ಕೆ ನಾಲ್ಕು ದರ: ಕೈಯಿಂದ ಕಟ್ಟುವವರಿಗೆ ಒಂದು, ಖಾಸಗಿ ವಿಮೆ ಇರುವವರಿಗೆ ಇನ್ನೊಂದು, ಕೇಂದ್ರ ಸರ್ಕಾರಿ ನೌಕರರ ಸಿಜಿಎಚ್‌ಎಸ್ ಕಾರ್ಡಿಗೆ ಮತ್ತೊಂದು, ಆಯುಷ್ಮಾನ್ ಕಾರ್ಡಿಗೆ ಮಗದೊಂದು. ಇಷ್ಟರಲ್ಲಿ ಆಸ್ಪತ್ರೆಗೆ ನಿಜಕ್ಕೂ ತಗುಲಿದ್ದೆಷ್ಟು ಎಂದು ಕೇಳಿ ನೋಡಿ, ಬಹಳ ಕಡೆ ಉತ್ತರ ಸಿಗುವುದಿಲ್ಲ. ಗುಟ್ಟೇನೂ ಇರುವುದಿಲ್ಲ, ಯಾರೂ ಲೆಕ್ಕ ಹಾಕಿರುವುದಿಲ್ಲ, ಅಷ್ಟೇ. ಆಸ್ಪತ್ರೆಯ ಹಣಕಾಸು ನಿರ್ವಹಣೆ ಎಂಬ ವಿದ್ಯೆ ಬೆಳೆದ ದಾರಿಯನ್ನು ಹಿಂದಿರುಗಿ ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ: ಹಣ ಕೊಡುವವರು ಬದಲಾದಾಗಲೆಲ್ಲ ಆಸ್ಪತ್ರೆ ಹೊಸ ಲೆಕ್ಕವೊಂದನ್ನು ಕಲಿತಿದೆ. ಕೊಡುವವರು ಕೇಳದಿದ್ದ ಕಾಲದಲ್ಲಿ ಏನನ್ನೂ ಕಲಿತಿಲ್ಲ.

ಮೊದಲು ಕೊಡುತ್ತಿದ್ದವರು ದಾನಿಗಳು. ಹತ್ತೊಂಬತ್ತನೇ ಶತಮಾನದ ಲಂಡನ್ನಿನ ದೊಡ್ಡ ಆಸ್ಪತ್ರೆಗಳು ಚಂದಾ, ಉಯಿಲು, ದತ್ತಿಗಳಿಂದ ನಡೆಯುತ್ತಿದ್ದವು. ವರ್ಷದ ಕೊನೆಗೆ ಬಂದದ್ದಿಷ್ಟು, ಹೋದದ್ದಿಷ್ಟು ಎಂದು ತೋರಿಸಿದರೆ ಮುಗಿಯಿತು. ಫ್ಲಾರೆನ್ಸ್ ನೈಟಿಂಗೇಲ್ ದೀಪ ಹಿಡಿದ ದಾದಿಯಾಗಿಯೇ ನಮಗೆ ಪರಿಚಿತರು. 1860ರಲ್ಲಿ ಅವರು ಎಲ್ಲ ಆಸ್ಪತ್ರೆಗಳೂ ಒಂದೇ ನಮೂನೆಯಲ್ಲಿ ಅಂಕಿಅಂಶ ಇಡಬೇಕೆಂದು ಹಟ ಹಿಡಿದದ್ದು ಅಷ್ಟಾಗಿ ನೆನಪಿಲ್ಲ. ಎಷ್ಟು ರೋಗಿಗಳು ದಾಖಲಾದರು, ಎಷ್ಟು ದಿನ ಮಲಗಿದ್ದರು, ಏನಾಗಿ ಹೊರಬಿದ್ದರು ಎಂಬ ಅವರ ಪ್ರಶ್ನೆಗಳು ವೈದ್ಯಕೀಯ ಪ್ರಶ್ನೆಗಳೇ. ಆದರೂ ಮುಂದೆ ಬಂದ ಲೆಕ್ಕಿಗರಿಗೆ ಅಡಿಪಾಯ ಸಿಕ್ಕಿದ್ದು ಅಲ್ಲೇ. 1893ರಲ್ಲಿ ಹೆನ್ರಿ ಬರ್ಡೆಟ್ ಆಸ್ಪತ್ರೆಗಳಿಗೆ ಏಕರೂಪದ ಲೆಕ್ಕಪತ್ರ ಪದ್ಧತಿಯನ್ನು ಪ್ರಕಟಿಸಿದರು. 1897ರಲ್ಲಿ ಹುಟ್ಟಿ, ಮುಂದೆ ಕಿಂಗ್ಸ್ ಫಂಡ್ ಎಂದು ಹೆಸರಾದ ಲಂಡನ್ನಿನ ನಿಧಿ ಅದಕ್ಕೆ ಬಲ ಕೊಟ್ಟಿತು. ನೆರವು ಬೇಕಾದವರು ಈ ನಮೂನೆಯಲ್ಲಿ ಲೆಕ್ಕ ಕೊಡಬೇಕಿತ್ತು. ಒಂದು ಹಾಸಿಗೆಗೆ ವರ್ಷಕ್ಕೆ ಎಷ್ಟು ಖರ್ಚು ಎಂದು ಎರಡು ಆಸ್ಪತ್ರೆಗಳನ್ನು ಪಕ್ಕಪಕ್ಕ ಇಟ್ಟು ನೋಡಲು ಹೀಗೆ ಸಾಧ್ಯವಾಯಿತು.

ಮುಂದಿನ ತಿರುವು ಅಮೆರಿಕದ್ದು. 1929ರಲ್ಲಿ ಟೆಕ್ಸಸ್‌ನ ಡಲ್ಲಾಸ್‌ನಲ್ಲಿ, ಬೇಲರ್ ಆಸ್ಪತ್ರೆಯ ಹೊಣೆ ಹೊತ್ತಿದ್ದ ಜಸ್ಟಿನ್ ಫೋರ್ಡ್ ಕಿಂಬಾಲ್ ಬಾಕಿ ಬಿಲ್ಲುಗಳ ಕಟ್ಟು ಬಿಚ್ಚಿ ನೋಡಿದಾಗ ಅದರಲ್ಲಿ ಶಾಲಾ ಶಿಕ್ಷಕರ ಹೆಸರುಗಳು ಬಹಳ ಇದ್ದವು. ತಿಂಗಳಿಗೆ ಅರ್ಧ ಡಾಲರ್ ಕಟ್ಟಿದರೆ ವರ್ಷದಲ್ಲಿ 21 ದಿನಗಳ ಆಸ್ಪತ್ರೆ ವಾಸ ಎಂಬ ಯೋಜನೆ ಅಲ್ಲಿ ಹುಟ್ಟಿತು. ಸಾವಿರಕ್ಕೂ ಹೆಚ್ಚು ಶಿಕ್ಷಕರು ಸೇರಿದರು. ಬ್ಲೂ ಕ್ರಾಸ್ ವಿಮೆಯ ಬೇರು ಇದೇ. ಗಮನಿಸಬೇಕಾದ್ದೇನೆಂದರೆ, ರೋಗಿ ಬರುವ ಮೊದಲೇ ಹಣ ಬಂದಿರುತ್ತದೆ. ಹಾಗಾಗಿ ಎಷ್ಟು ಮಂದಿ ಕಾಯಿಲೆ ಬೀಳಬಹುದು, ಸರಾಸರಿ ಎಷ್ಟು ದಿನ ಇರಬಹುದು ಎಂಬ ಅಂದಾಜನ್ನು ಆಸ್ಪತ್ರೆಯೇ ಮೊದಲು ಮಾಡಬೇಕು. 1934ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಆಸ್ಪತ್ರೆ ಆಡಳಿತದ ಪದವಿ ಶುರುವಾಯಿತು, 1946ರಲ್ಲಿ ಆಸ್ಪತ್ರೆ ಲೆಕ್ಕಿಗರು ತಮ್ಮದೇ ಸಂಘ ಕಟ್ಟಿಕೊಂಡರು.

1965ರ ಮೆಡಿಕೇರ್ ಕಾನೂನು ಈ ಕತೆಯ ವಿಚಿತ್ರ ಅಧ್ಯಾಯ. ವಯೋವೃದ್ಧರ ಚಿಕಿತ್ಸೆಗೆ ಆಸ್ಪತ್ರೆ ಮಾಡಿದ ಸಮಂಜಸ ಖರ್ಚನ್ನೆಲ್ಲ ಅಮೆರಿಕ ಸರ್ಕಾರ ತುಂಬಿಕೊಡುತ್ತಿತ್ತು. ಆರಂಭದಲ್ಲಿ ಅದರ ಮೇಲೆ ಶೇ. 2 ಹೆಚ್ಚಿಗೆ ಬೇರೆ. ಖರ್ಚು ಮಾಡಿದಷ್ಟೂ ಬರುತ್ತದೆ ಎಂದಾದ ಮೇಲೆ ಉಳಿಸುವವರು ಯಾರು? ಆದರೆ ಇದೇ ಕಾಲದಲ್ಲಿ ಲೆಕ್ಕದ ಒಂದು ಮುಖ್ಯ ಪಾಠ ಬೆಳೆಯಿತು. ಅಡುಗೆಮನೆ, ಲಾಂಡ್ರಿ, ಆಡಳಿತ ಕಚೇರಿ ಇವುಗಳಿಂದ ನೇರ ಆದಾಯವಿಲ್ಲ. ಇವುಗಳ ಖರ್ಚನ್ನು ಆದಾಯ ತರುವ ವಾರ್ಡು, ಥಿಯೇಟರು, ಲ್ಯಾಬುಗಳ ಮೇಲೆ ಹಂಚಬೇಕು. ಲಾಂಡ್ರಿಯದ್ದನ್ನು ಒಗೆದ ಬಟ್ಟೆಯ ತೂಕದ ಮೇಲೆ, ಕಸಗುಡಿಸುವುದನ್ನು ಚದರಡಿಯ ಮೇಲೆ, ಊಟವನ್ನು ತಟ್ಟೆಗಳ ಎಣಿಕೆಯ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಇಳಿಸುವ ಈ ಕ್ರಮವನ್ನು ಇಂದಿಗೂ ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಕಲಿಸುತ್ತಾರೆ. ಅಂದು ಅದನ್ನು ಮಾಡಿದ್ದು ಉಳಿತಾಯಕ್ಕಲ್ಲ, ಸರ್ಕಾರದಿಂದ ಹೆಚ್ಚು ವಸೂಲಿ ಮಾಡಲು ಎಂಬುದು ಬೇರೆ ಮಾತು.

ಅಷ್ಟರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಇಬ್ಬರು ಇನ್ನೊಂದು ಪ್ರಶ್ನೆ ಹಿಡಿದು ಕೂತಿದ್ದರು. ರಾಬರ್ಟ್ ಫೆಟ್ಟರ್ ಕೈಗಾರಿಕಾ ನಿರ್ವಹಣೆಯವರು, ಜಾನ್ ಥಾಂಪ್ಸನ್ ನರ್ಸಿಂಗ್ ಹಿನ್ನೆಲೆಯವರು. ಕಾರ್ಖಾನೆ ಏನು ತಯಾರಿಸುತ್ತದೆ ಎಂದು ಹೇಳಬಹುದು, ಆಸ್ಪತ್ರೆ ತಯಾರಿಸುವುದೇನು? ಹಾಸಿಗೆ-ದಿನ, ಎಕ್ಸ್‌ರೇ, ಇಂಜೆಕ್ಷನ್ ಇವೆಲ್ಲ ಸಾಮಗ್ರಿ. ತಯಾರಾಗುವುದು ಚಿಕಿತ್ಸೆ ಮುಗಿದ ಒಂದು ಪ್ರಕರಣ. ರೋಗನಿದಾನ, ಶಸ್ತ್ರಚಿಕಿತ್ಸೆ, ವಯಸ್ಸು ನೋಡಿ, ಸರಿಸುಮಾರು ಒಂದೇ ಖರ್ಚು ಬೀಳುವ ಪ್ರಕರಣಗಳನ್ನು ಅವರು ಗುಂಪು ಮಾಡಿದರು. ಡಿಆರ್‌ಜಿ ಎಂದು ಹೆಸರಾದ ಈ ಪದ್ಧತಿಯನ್ನು ನ್ಯೂಜೆರ್ಸಿ ಮೊದಲು ಪ್ರಯೋಗಿಸಿತು. 1983ರ ಅಕ್ಟೋಬರಿನಿಂದ ಮೆಡಿಕೇರ್ ಅದನ್ನೇ ಹಿಡಿಯಿತು. ಸುಮಾರು 470 ಗುಂಪು, ಪ್ರತಿ ಗುಂಪಿಗೂ ಮೊದಲೇ ಗೊತ್ತುಪಡಿಸಿದ ಮೊತ್ತ. ರೋಗಿ ಐದು ದಿನವಿದ್ದರೂ ಹತ್ತು ದಿನವಿದ್ದರೂ ಬರುವ ಹಣ ಸಾಮಾನ್ಯವಾಗಿ ಅಷ್ಟೇ. ನಿನ್ನೆಯವರೆಗೆ ಆದಾಯವಾಗಿದ್ದ ಪ್ರತಿ ದಿನವೂ ಇಂದು ಖರ್ಚಾಯಿತು. ಆಸ್ಪತ್ರೆ ವಾಸದ ಸರಾಸರಿ ಅವಧಿ ಇಳಿಯಿತು. ಪೂರ್ತಿ ಗುಣವಾಗುವ ಮೊದಲೇ ಮನೆಗೆ ಕಳಿಸುತ್ತಾರೆ ಎಂಬ ದೂರೂ ಎದ್ದಿತು. ನನ್ನ ಮಟ್ಟಿಗೆ ಆಧುನಿಕ ಆಸ್ಪತ್ರೆ ಹಣಕಾಸಿನ ನಿಜವಾದ ಆರಂಭ ಇದೇ. ಒಂದು ಪ್ರಕರಣಕ್ಕೆ ಎಷ್ಟು ಬೀಳುತ್ತದೆ ಎಂದು ಗೊತ್ತಿಲ್ಲದ ಆಸ್ಪತ್ರೆ ಉಳಿಯುವುದು ಕಷ್ಟ ಎಂಬ ಸ್ಥಿತಿ ಬಂದದ್ದು ಆಗ.

ಇಲ್ಲಿ ಸ್ವಲ್ಪ ನಿಂತು ಮೂಲ ಲೆಕ್ಕವನ್ನೇ ಮಾಡಿಬಿಡೋಣ. ಎರಡು ಕೋಟಿ ರೂಪಾಯಿಯ ಸಿಟಿ ಸ್ಕ್ಯಾನ್ ಯಂತ್ರ, ಹತ್ತು ವರ್ಷ ಬಾಳಿಕೆ ಎಂದುಕೊಳ್ಳಿ. ವರ್ಷಕ್ಕೆ ಸವಕಳಿ 20 ಲಕ್ಷ. ನಿರ್ವಹಣಾ ಒಪ್ಪಂದ 15 ಲಕ್ಷ, ಸಿಬ್ಬಂದಿ ಸಂಬಳ 15 ಲಕ್ಷ. ಒಟ್ಟು 50 ಲಕ್ಷ ಸ್ಥಿರ ವೆಚ್ಚ. ಒಬ್ಬ ರೋಗಿಯೂ ಬರದಿದ್ದರೂ ಇದು ತಪ್ಪದು. ಪ್ರತಿ ಸ್ಕ್ಯಾನಿಗೆ ಮೇಲೆ ತಗುಲುವುದು 500 ರೂಪಾಯಿ. ದರ 2,500 ಆದರೆ ಪ್ರತಿ ಸ್ಕ್ಯಾನಿನಿಂದ 2,000 ಉಳಿದು ಸ್ಥಿರ ವೆಚ್ಚಕ್ಕೆ ಸೇರುತ್ತದೆ. ವರ್ಷಕ್ಕೆ 2,500 ಸ್ಕ್ಯಾನಾದರೆ, ಅಂದರೆ ದಿನಕ್ಕೆ ಸುಮಾರು ಏಳು, ಅಸಲು ಹುಟ್ಟುತ್ತದೆ. ಈಗ ಸರ್ಕಾರಿ ಯೋಜನೆಯವರು 1,500ಕ್ಕೆ ಮಾಡಿ ಎನ್ನುತ್ತಾರೆ. ನಷ್ಟವೇ? ಯಂತ್ರ ಖಾಲಿ ಕೂತಿದ್ದರೆ ಖಂಡಿತ ಅಲ್ಲ. ಆ ರೋಗಿಯಿಂದಲೂ ಸಾವಿರ ರೂಪಾಯಿ ಸ್ಥಿರ ವೆಚ್ಚಕ್ಕೆ ಬರುತ್ತದೆ. ಆದರೆ ಬರುವವರೆಲ್ಲ 1,500ರವರೇ ಆದರೆ 5,000 ಸ್ಕ್ಯಾನ್ ಬೇಕು. ಯೋಜನೆಯ ದರ ಸಾಲದು ಎಂದು ಆಸ್ಪತ್ರೆಗಳೂ, ಸಾಕು ಎಂದು ಅಧಿಕಾರಿಗಳೂ ವರ್ಷವರ್ಷವೂ ವಾದಿಸುವಾಗ ಅಧಿಕಾರಿಗಳು ಮೊದಲ ಲೆಕ್ಕ ಹಿಡಿದಿರುತ್ತಾರೆ, ಆಸ್ಪತ್ರೆಗಳು ಎರಡನೆಯದನ್ನು.

ಭಾರತದಲ್ಲಿ ಈ ವಿದ್ಯೆ ತಡವಾಗಿ ಬಂತು, ಕಾರಣವೂ ಸ್ಪಷ್ಟ. ದೇಶದ ಆರೋಗ್ಯ ವ್ಯವಸ್ಥೆ ಕುರಿತ 1946ರ ಭೋರ್ ಸಮಿತಿ ವರದಿಯ ಆಶಯ, ಹಣವಿಲ್ಲವೆಂದು ಯಾರಿಗೂ ಚಿಕಿತ್ಸೆ ತಪ್ಪಬಾರದು ಎಂಬುದು. ಸರ್ಕಾರಿ ಆಸ್ಪತ್ರೆಗೆ ಹಣ ಬರುವುದು ಬಜೆಟ್ಟಿನಿಂದ, ಲೆಕ್ಕ ಹೋಗುವುದು ಖಜಾನೆಗೆ. ಸಂಬಳಕ್ಕಿಷ್ಟು, ಔಷಧಿಗಿಷ್ಟು, ಕಟ್ಟಡಕ್ಕಿಷ್ಟು ಎಂಬ ಲೆಕ್ಕಶೀರ್ಷಿಕೆಗಳಿವೆ. ಒಂದು ಹೆರಿಗೆಗೆಷ್ಟು ಎಂಬ ಕಾಲಂ ಅದರಲ್ಲಿಲ್ಲ. ಮಾರ್ಚ್ ಬಂದರೆ ಉಳಿದ ಹಣ ವಾಪಸು ಹೋಗುವ ಮೊದಲು ಖರ್ಚು ಮಾಡುವ ಧಾವಂತ, ಅಷ್ಟೆ. 1983ರಲ್ಲಿ ಮದರಾಸಿನಲ್ಲಿ ಅಪೊಲೊ ಆರಂಭವಾದಾಗ ಆಸ್ಪತ್ರೆ ಕಂಪನಿಯೂ ಆಗಬಹುದೆಂದು ತಿಳಿಯಿತು. 1986ರಲ್ಲಿ ಸರ್ಕಾರಿ ವಿಮಾ ಕಂಪನಿಗಳು ಮೆಡಿಕ್ಲೇಮ್ ಎಂಬ ಆರೋಗ್ಯ ವಿಮೆ ತಂದವು.

ಹೊಸದನ್ನು ಕಲಿಸಿದ್ದು ಮಾತ್ರ ಬೇರೆಯೇ ಎರಡು ಜಾಗ. ಮದುರೈಯಲ್ಲಿ 1976ರಲ್ಲಿ ಡಾ. ಜಿ. ವೆಂಕಟಸ್ವಾಮಿ 11 ಹಾಸಿಗೆಗಳಿಂದ ಶುರುಮಾಡಿದ ಅರವಿಂದ ಕಣ್ಣಿನ ಆಸ್ಪತ್ರೆ, ಹಣ ಕೊಡುವವರ ಶುಲ್ಕದಲ್ಲೇ ಕೊಡಲಾರದವರ ಪೊರೆ ತೆಗೆಯಿತು. ಇದು ಬರೀ ಔದಾರ್ಯವಲ್ಲ, ಲೆಕ್ಕ. ಒಂದು ಮೇಜಿನ ಮೇಲೆ ಶಸ್ತ್ರಚಿಕಿತ್ಸೆ ನಡೆಯುತ್ತಿರುವಾಗ ಪಕ್ಕದ ಮೇಜಿನಲ್ಲಿ ಮುಂದಿನ ರೋಗಿ ಸಿದ್ಧ. ಸರ್ಜನ್ನರ ಸಮಯ ಎಲ್ಲಕ್ಕಿಂತ ದುಬಾರಿ ಸಾಮಗ್ರಿ, ಅದು ಪೋಲಾಗಕೂಡದು. ಕಣ್ಣಿಗೆ ಕೂರಿಸುವ ಆಮದು ಮಸೂರ ದುಬಾರಿ ಎನಿಸಿದಾಗ 1992ರಲ್ಲಿ ಆರೋಲ್ಯಾಬ್ ಸ್ಥಾಪಿಸಿ ತಾವೇ ತಯಾರಿಸಿದರು. ಎರಡನೆಯದು ನಮ್ಮ ಬೊಮ್ಮಸಂದ್ರದ ನಾರಾಯಣ ಹೃದಯಾಲಯ. ಅಲ್ಲಿ ಲಾಭನಷ್ಟದ ಲೆಕ್ಕ ಪ್ರತಿದಿನ ವೈದ್ಯರ ಮೊಬೈಲಿಗೆ ಎಸ್ಸೆಮ್ಮೆಸ್ ಆಗಿ ಹೋಗುತ್ತಿತ್ತು. ತಿಂಗಳ ಕೊನೆಯಲ್ಲಿ ನೋಡುವ ಲೆಕ್ಕ ಮರಣೋತ್ತರ ಪರೀಕ್ಷೆಯಿದ್ದಂತೆ ಎಂಬುದು ಅದರ ಸ್ಥಾಪಕ ಡಾ. ದೇವಿ ಶೆಟ್ಟಿಯವರ ವಾದ. ರೋಗಿಯನ್ನು ನೋಡುವ ಹೊತ್ತಿಗೆ ವೈದ್ಯರ ತಲೆಯಲ್ಲಿ ರೂಪಾಯಿ ಕೂರಬೇಕೇ ಎಂದು ಕೇಳುವವರಿದ್ದಾರೆ, ಕೇಳಬೇಕಾದ ಪ್ರಶ್ನೆಯೇ. ಆದರೆ ಹೊಲಿಗೆ ದಾರದ ಬೆಲೆಯೂ ಗೊತ್ತಿಲ್ಲದೆ ಬಿಲ್ಲು ಬೆಳೆಸುವುದರಿಂದ ರೋಗಿಗೆ ಉಪಕಾರವಾಗುತ್ತದೆ ಎಂದು ನನಗನಿಸುವುದಿಲ್ಲ.

ಒಂದು ಚಿಕಿತ್ಸೆಗೆ ಎಲ್ಲ ಸೇರಿ ಒಂದೇ ಮೊತ್ತ ಎಂಬ ಪ್ಯಾಕೇಜ್ ದರವನ್ನು ಕರ್ನಾಟಕದ ಆಸ್ಪತ್ರೆಗಳಿಗೆ ರೂಢಿ ಮಾಡಿಸಿದ್ದು ಯಶಸ್ವಿನಿ ಯೋಜನೆ. ಸಹಕಾರ ಸಂಘದ ರೈತ ಸದಸ್ಯರು ತಿಂಗಳಿಗೆ ಐದು ರೂಪಾಯಿಯಂತೆ ವರ್ಷಕ್ಕೆ 60 ಕಟ್ಟಿದರೆ ಆರಂಭದಲ್ಲಿ ಗೊತ್ತುಪಡಿಸಿದ ಶಸ್ತ್ರಚಿಕಿತ್ಸೆಗಳು ನಗದಿಲ್ಲದೆ ಆಗುತ್ತಿದ್ದವು. 2003ರಲ್ಲಿ ಜಾರಿಗೆ ಬಂದ ಮೊದಲ ವರ್ಷವೇ ಸದಸ್ಯರ ಸಂಖ್ಯೆ 16 ಲಕ್ಷ ತಲುಪಿತ್ತು. ಮುಂದೆ ಸರ್ಕಾರಿ ಯೋಜನೆಗಳು ಬಂದವು: 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ, 2018ರಲ್ಲಿ ಆರೋಗ್ಯ ಕರ್ನಾಟಕ, ಅದೇ ವರ್ಷ ಅದರ ಜೊತೆ ಸೇರಿದ ಆಯುಷ್ಮಾನ್ ಭಾರತ. ಇವುಗಳಿಂದ ಜಿಲ್ಲಾ ಕೇಂದ್ರಗಳ ಆಸ್ಪತ್ರೆಗಳು ಕಲಿತ ಕಹಿ ಪಾಠವೆಂದರೆ ಆದಾಯವೇ ಬೇರೆ, ಕೈಗೆ ಬಂದ ಹಣವೇ ಬೇರೆ. ಪುಸ್ತಕದಲ್ಲಿ ಲಾಭ ಇರುತ್ತದೆ. ಕ್ಲೇಮು ಮಂಜೂರಾಗಿ ಬರುವ ತನಕ ಔಷಧಿ ಅಂಗಡಿಗೂ ನರ್ಸುಗಳ ಸಂಬಳಕ್ಕೂ ಸಾಲ ಮಾಡಬೇಕು. ಡಿಸ್ಚಾರ್ಜ್ ಸಮ್ಮರಿಯಲ್ಲಿ ಒಂದು ಸಹಿ ತಪ್ಪಿದರೆ ಕ್ಲೇಮು ವಾಪಸು. ಬಾಕಿ ಎಷ್ಟು ದಿನದ್ದು, ತಿರಸ್ಕೃತವಾದದ್ದೆಷ್ಟು ಎಂದು ವಾರಕ್ಕೊಮ್ಮೆ ನೋಡುವ ಅಭ್ಯಾಸ ಬಂದದ್ದು ಹೀಗೆ.

ಖಾಸಗಿ ಬಿಲ್ಲಿನ ಒಳಗಿನ ಇನ್ನೊಂದು ಲೆಕ್ಕ 2017ರಲ್ಲಿ ಬಯಲಾಯಿತು. ಫೆಬ್ರುವರಿಯಲ್ಲಿ ಕೇಂದ್ರದ ಬೆಲೆ ನಿಯಂತ್ರಣ ಪ್ರಾಧಿಕಾರ ಹೃದಯದ ಸ್ಟೆಂಟಿಗೆ ಮಿತಿ ಹಾಕಿತು: ಲೋಹದ್ದಕ್ಕೆ 7,260 ರೂಪಾಯಿ, ಔಷಧಿ ಲೇಪಿತಕ್ಕೆ 29,600. ನರ್ಸಿಂಗ್ ಮತ್ತು ಹಾಸಿಗೆಗೆ ಅಸಲಿಗಿಂತ ಕಡಿಮೆ ಹಾಕಿ, ಸ್ಟೆಂಟು, ಔಷಧಿ, ಕೈಗವಸುಗಳಲ್ಲಿ ಅದನ್ನು ತುಂಬಿಕೊಳ್ಳುವುದು ಬಹುಕಾಲದ ರೂಢಿ. ಒಂದು ಕಡೆ ಮುಚ್ಚಿದರೆ ಹಣ ಇನ್ನೊಂದು ಸಾಲಿಗೆ ಸರಿಯುತ್ತದೆ. ಅದೇ ವರ್ಷ ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ತಿದ್ದುಪಡಿ ವಿರೋಧಿಸಿ ನವೆಂಬರಿನಲ್ಲಿ ಖಾಸಗಿ ವೈದ್ಯರು ಹೊರರೋಗಿ ವಿಭಾಗ ಮುಚ್ಚಿದಾಗಲೂ ಜಗಳದ ಒಂದು ಎಳೆ ದರ ನಿಗದಿಯದೇ.

ದರ ಯಾರು, ಯಾವ ಆಧಾರದ ಮೇಲೆ ಹೇಳಬೇಕು? ಚಂಡೀಗಢದ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆ ಪಿಜಿಐಎಂಇಆರ್ ಮುಂದಾಳತ್ವದಲ್ಲಿ ನಡೆದ ಭಾರತದ ಆರೋಗ್ಯ ಸೇವೆಗಳ ವೆಚ್ಚ ಅಧ್ಯಯನ ಇದಕ್ಕೆ ಕೈಹಾಕಿತು; ಆಯುಷ್ಮಾನ್ ಪ್ಯಾಕೇಜುಗಳ ಪರಿಷ್ಕರಣೆಯಲ್ಲಿ ಅದರ ಅಂಕಿಗಳು ಬಳಕೆಯಾದವು. 2022ರ ಪರಿಷ್ಕರಣೆಯಲ್ಲಿ ಊರಿನ ದರ್ಜೆ ಮತ್ತು ಆಸ್ಪತ್ರೆಯ ಮಟ್ಟ ನೋಡಿ ಬೇರೆಬೇರೆ ದರ ಎಂಬ ಕ್ರಮವೂ ಬಂತು. ಆದರೆ ಇಂಥ ಲೆಕ್ಕದ ಹಿಡಿತಕ್ಕೆ ಸಿಗದೆ ಜಾರುವುದು ತಾಲ್ಲೂಕು ಕೇಂದ್ರದ ಇಪ್ಪತ್ತು ಹಾಸಿಗೆಯ ನರ್ಸಿಂಗ್ ಹೋಮ್. ಕಟ್ಟಡ ವೈದ್ಯರ ಸ್ವಂತದ್ದು, ಹಾಗಾಗಿ ಬಾಡಿಗೆ ಸೊನ್ನೆ. ಹಗಲಿರುಳು ದುಡಿಯುವ ಗಂಡಹೆಂಡತಿ ಇಬ್ಬರೂ ವೈದ್ಯರು, ಸಂಬಳದ ಕಾಲಂನಲ್ಲಿ ಅವರ ಹೆಸರಿಲ್ಲ. ವರ್ಷದ ಕೊನೆಗೆ ಲೆಕ್ಕಪರಿಶೋಧಕರು ಆದಾಯ ತೆರಿಗೆಗಾಗಿ ತೋರಿಸುವ ಲಾಭ, ಈ ಎರಡನ್ನೂ ಕಳೆದರೆ ಎಷ್ಟೋ ಕಡೆ ಮಾಯವಾಗುತ್ತದೆ. ಮಕ್ಕಳು ವೈದ್ಯರಾದರೂ ಊರಿಗೆ ಬಂದು ಅದನ್ನು ಮುಂದುವರಿಸದಿರುವಾಗ, ಅಥವಾ ನಗರದ ಸರಪಳಿ ಆಸ್ಪತ್ರೆಯವರು ಕೊಳ್ಳಲು ಬಂದು ಕೂತಾಗ, ಆ ಎರಡು ಅಂಕಿಗಳನ್ನು ಮೊದಲ ಸಲ ಬರೆದು ನೋಡುತ್ತಾರೆ.