ದೀಪ ಇಲ್ಲದ ಊರು

ನಾವು ನಾಲ್ವರು ಗೆಳೆಯರು ಜಿಯೋಕ್ಯಾಶಿಂಗ್ ಆಟಕ್ಕೆಂದು ತುಮಕೂರು ಸೀಮೆಯ ಒಂದು ಬಯಲಿಗೆ ಹೋಗಿದ್ದೆವು. 2000ದಲ್ಲಿ ಅಮೆರಿಕದಲ್ಲಿ ಹುಟ್ಟಿದ ಆಟ ಇದು. ಯಾರೋ ಡಬ್ಬಿ ಬಚ್ಚಿಡುತ್ತಾರೆ. ಉಪಗ್ರಹ ತೋರಿಸುವ ಜಾಗ ಹಿಡಿದು ಹುಡುಕಿದವರು ಒಳಗಿನ ಪುಸ್ತಕದಲ್ಲಿ ಹೆಸರು ಬರೆದು ಬರುತ್ತಾರೆ.

ಡಬ್ಬಿ ಸಿಕ್ಕಿತು. ಸುತ್ತಲೂ ಒಂದು ಹಾಳೂರೂ ಸಿಕ್ಕಿತು. ಇಂಥ ಊರನ್ನು ಕಂದಾಯ ದಾಖಲೆ 'ಬೇಚರಾಕ್' ಅನ್ನುತ್ತದೆ. ಪಾರಸಿಯಲ್ಲಿ ಚಿರಾಗ್ ಅಂದರೆ ದೀಪ. ಬೇಚಿರಾಗ್ ಅಂದರೆ ದೀಪ ಇಲ್ಲದ್ದು. ದೀಪ ಆರಿದ್ದು ಯಾಕೆ ಅಂತ ದಾಖಲೆ ಹೇಳೋದಿಲ್ಲ. 1871ರಲ್ಲಿ ಮೈಸೂರು ಸಂಸ್ಥಾನದ ಜನ 50 ಲಕ್ಷ ದಾಟಿದ್ದರು. 1876-78ರ ಬರ ಬಂತು. 1881ರ ಗಣತಿಯಲ್ಲಿ 42 ಲಕ್ಷವೂ ಇಲ್ಲ. ಹಸಿವಿಗೆ ಹೆಚ್ಚು ಬಲಿಯಾದವರು ನೆಲವಿಲ್ಲದ ಕೂಲಿಗಳು. 1898ರಲ್ಲಿ ಪ್ಲೇಗು. ಎಷ್ಟೋ ಊರು ಹೀಗೆ ಬರಿದಾದವು.

ಗುಡಿ ಕಲ್ಲಿನದು, ನಿಂತಿದೆ. ದೊಡ್ಡಮನೆಯ ಬುನಾದಿ ಇದೆ. ಕೇರಿ ಮಣ್ಣಿನದು, ಕರಗಿದೆ. ಊರಾಚೆ ತಂಗಡಿ ಗಿಡಗಳ ನಡುವೆ ಸುಣ್ಣ ಮೆತ್ತಿದ ಒಂದು ಗುಂಡಿ ಮಾತ್ರ. ಕುರಿ ಕಾಯುತ್ತಿದ್ದ ಅಜ್ಜಿ ಅಂದಳು: "ತೊಗಲು ನೆನೆಹಾಕ್ತಿದ್ದ ಗುಂಡಿ ಕಣ್ರಪ್ಪಾ, ನಮ್ಮೋರ್ದು."

ಡಬ್ಬಿಯ ಪುಸ್ತಕದಲ್ಲಿ ಬಂದುಹೋದವರ ಹೆಸರಿವೆ. ಇಲ್ಲಿ ದುಡಿದು ಸತ್ತವರದು ಒಂದೂ ಇಲ್ಲ. ನಮ್ಮ ಹೆಸರು ಬರೆಯುವ ಕಡೆ ನಾವು 'ಇಲ್ಲೊಂದು ಕೇರಿ ಇತ್ತು' ಅಂತ ಬರೆದೆವು.

ಊರೂರಿನ ಮೇಷ್ಟ್ರುಗಳೇ, ಮಕ್ಕಳನ್ನು ಕರಕೊಂಡು ಪಕ್ಕದ ಬೇಚರಾಕ್ ಊರಿಗೆ ಹೋಗಿ. ಚರಿತ್ರೆ ಪಾಠ ಗುಂಡಿಯಿಂದ ಶುರು ಮಾಡಿ. ಮುದುಕರು ಇರುವಾಗಲೇ ಹೆಸರು ಕೇಳಿ ಬರಕೊಳ್ಳಿ.